ಹಿಮಗಿರಿಯನ್ನು ಹಾಡಿದ ಹಂಪೆಯ ಹರಿಹರ

ಗಂಗಾವತಿ ಸೀಮೆಯ ಆನೆಗೊಂದಿಗೆ ಎದುರಾಗಿ, ತುಂಗಭದ್ರೆಯ ತೆಂಕಣ ದಡದಲ್ಲಿರುವ ಹಂಪೆಯು ಶಿವಕವಿ ಹರಿಹರನ ಸಾಧನಭೂಮಿ. ಸುಮಾರು 1200ರ ಕಾಲದಲ್ಲಿ ಬಾಳಿದ ಈತನು ಹೊಯ್ಸಳರ ದೋರಸಮುದ್ರದಲ್ಲಿ ಕರಣಿಕನಾಗಿದ್ದು, ಆ ಪದವಿಯನ್ನು ತೊರೆದು ವಿರೂಪಾಕ್ಷನ ಸನ್ನಿಧಿಯಲ್ಲಿ ನೆಲಸಿದನೆಂದು ಪರಂಪರೆ ಹೇಳುತ್ತದೆ. ರಾಜಾಶ್ರಯವನ್ನು ನೀಗಿಕೊಂಡ ಕವಿಯು ಮರ್ತ್ಯರನ್ನು ಹೊಗಳೆನೆಂಬ ವ್ರತವನ್ನು ಕೈಗೊಂಡನು.

ಬಿಸಿಲಿಗೆ ಬಂಡೆ ಕಾಯುವ ಈ ನಾಡಿನಲ್ಲಿ ಹಿಮ ಬೀಳುವುದಿಲ್ಲ. ಆದರೂ ಹರಿಹರನು ‘ಗಿರಿಜಾಕಲ್ಯಾಣ’ವೆಂಬ ಚಂಪೂಕಾವ್ಯದಲ್ಲಿ ಹಿಮಾಲಯವನ್ನು ಕನ್ನಡಿಗರ ಕಣ್ಣಮುಂದೆ ತಂದು ನಿಲ್ಲಿಸಿದನು. ಅಲ್ಲಿ ಹಿಮವಂತನು ಹೆಣ್ಣು ಹೆತ್ತ ತಂದೆ. ಹಿಮಗಿರಿಯು ಗಿರಿಜೆಯ ತವರೂ ಹೌದು, ತಪೋಭೂಮಿಯೂ ಹೌದು.

ಚೀನಾದೇಶದ ನಿಸರ್ಗಕಾವ್ಯದಲ್ಲಿಯೂ ಹಿಮಕ್ಕೆ ಹಿರಿಯ ಸ್ಥಾನವುಂಟು. ಟಾಂಗ್ ಕಾಲದ ಲಿಯು ಜೊಂಗ್‌ಯುವಾನನು ರಾಜಕಾರಣದಲ್ಲಿ ಸೋತು 805ರಲ್ಲಿ ಯೊಂಗ್‌ಝೌ ಪ್ರಾಂತಕ್ಕೆ ಗಡೀಪಾರಾದನು. ಹಿಮ ಕವಿದ ಹೊಳೆಯನ್ನೂ ಅಲ್ಲಿನ ಒಂಟಿ ಮೀನುಗಾರನನ್ನೂ ಆತನು ಇಪ್ಪತ್ತೇ ಅಕ್ಷರಗಳಲ್ಲಿ ಚಿತ್ರಿಸಿದನು. ಅಧಿಕಾರ ಕಳೆದುಕೊಂಡವನ ಏಕಾಂತವು ಆ ಹಿಮದಲ್ಲಿದೆ. ಅಧಿಕಾರವನ್ನು ತಾನಾಗಿ ಬಿಟ್ಟ ಹರಿಹರನ ಹಿಮದಲ್ಲಿ ಗಿರಿಜೆಯ ತಪಸ್ಸು ಫಲಿಸಿ ಕಲ್ಯಾಣವಾಗುತ್ತದೆ.

ಇದೇ ಕವಿಯು ಬಸವಣ್ಣ, ಅಕ್ಕಮಹಾದೇವಿ ಮೊದಲಾದ ಶರಣರ ಬಾಳನ್ನು ರಗಳೆಗಳಲ್ಲಿ ಹಾಡಿ, ಅರಸರಿಗೆ ಮೀಸಲಾಗಿದ್ದ ನಾಯಕಪಟ್ಟವನ್ನು ಭಕ್ತರಿಗೆ ಕಟ್ಟಿದನು. ಕೊಪ್ಪಳ, ಕುಷ್ಟಗಿ, ಯಲಬುರ್ಗಾಗಳ ಎಳೆಯರು ಹಿಮವನ್ನು ಕಾಣದಿದ್ದರೂ ಹರಿಹರನನ್ನು ಓದಿ ಹಿಮಗಿರಿಯನ್ನು ಏರಬಲ್ಲರು.