ನಂದಳಿಕೆಯ ಮುದ್ದಣ

ಬಾಲ್ಯದಲ್ಲಿ ಕಷ್ಟವುಂಡವರೇ ಮುಂದೆ ಹಿರಿಯರಾಗುವರೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಅದು ಎಷ್ಟರಮಟ್ಟಿಗೆ ನಿಜವೆಂಬುದನ್ನು ಮುದ್ದಣ ಕವಿಯ ಬಾಳಿನಿಂದ ತಿಳಿಯಬಹುದು.

ಮುದ್ದಣನ ನಿಜನಾಮ ಲಕ್ಷ್ಮೀನಾರಣಪ್ಪ. ಅವನು 1870ರಲ್ಲಿ ಕಾರ್ಕಳ ಸೀಮೆಯ ನಂದಳಿಕೆಯಲ್ಲಿ ಜನಿಸಿದನು. ಆ ಸೀಮೆಯು ಆಗ ಮದರಾಸು ಪ್ರಾಂತಕ್ಕೆ ಸೇರಿದ್ದಿತು. ಮನೆಯಲ್ಲಿ ಬಡತನ. ಉಡುಪಿಯಲ್ಲಿ ಓದತೊಡಗಿದರೂ ಹಣವಿಲ್ಲದೆ ವಿದ್ಯಾಭ್ಯಾಸವು ನಡುವೆಯೇ ನಿಂತಿತು. ಹೊಟ್ಟೆಪಾಡಿಗಾಗಿ ಅವನು ನಮ್ಮ ಈ ನಗರಕ್ಕೇ ಬಂದು ವ್ಯಾಯಾಮ ಶಿಕ್ಷಣದ ತರಬೇತಿಯನ್ನು ಪಡೆದು, ಉಡುಪಿ, ಕುಂದಾಪುರಗಳ ಶಾಲೆಗಳಲ್ಲಿ ವ್ಯಾಯಾಮದ ಉಪಾಧ್ಯಾಯನಾದನು.

ಹಗಲೆಲ್ಲ ಮಕ್ಕಳಿಗೆ ಡ್ರಿಲ್ಲು ಕಲಿಸುತ್ತಿದ್ದ ಈ ತರುಣನು ಬಿಡುವಿನಲ್ಲಿ ಹಳಗನ್ನಡ ಕಾವ್ಯಗಳನ್ನು ಓದಿ ಅರಗಿಸಿಕೊಂಡನು. ಯಕ್ಷಗಾನ ಪ್ರಸಂಗಗಳನ್ನು ಬರೆದನು. ಅದ್ಭುತ ರಾಮಾಯಣ, ಶ್ರೀರಾಮಪಟ್ಟಾಭಿಷೇಕ, ಶ್ರೀರಾಮಾಶ್ವಮೇಧ ಎಂಬ ಕೃತಿಗಳನ್ನು ರಚಿಸಿ, ತನ್ನ ಹೆಸರನ್ನು ಮರೆಮಾಡಿ, ಹಿಂದಿನ ಕವಿಯೊಬ್ಬನವೆಂದು ಮೈಸೂರಿಗೆ ಕಳುಹಿಸಿದನು. ಅವು ಅಲ್ಲಿ ಅಚ್ಚಾದುವು. 1901ರ ಫೆಬ್ರವರಿಯಲ್ಲಿ ಅವನು ಕ್ಷಯರೋಗದಿಂದ ತೀರಿಕೊಂಡನು. ಆಗ ವಯಸ್ಸು 31. ಕರ್ತೃವು ಅವನೇ ಎಂದು ಕನ್ನಡ ನಾಡು ಅರಿತದ್ದು ಆಮೇಲೆ.

ಇವನನ್ನು ಕವಿಯನ್ನಾಗಿಸಿದ್ದು ಬಡತನವೆ? ಅಲ್ಲ. ಕರಾವಳಿಯ ಯಕ್ಷಗಾನ, ಹಳೆಯ ಕಾವ್ಯಗಳ ಓದು, ಪಂಡಿತರಾದ ಮಳಲಿ ಸುಬ್ಬರಾಯರ ಸ್ನೇಹ, ಬಿಡದ ದುಡಿಮೆ, ಇವು ಅವನನ್ನು ಬೆಳೆಸಿದುವು. ಬಡತನವಾದರೋ ಶಾಲೆಯನ್ನು ಬಿಡಿಸಿತು. ಬರವಣಿಗೆಗೆ ದೊರೆಯಬೇಕಾಗಿದ್ದ ಹೊತ್ತನ್ನು ಕಸಿದುಕೊಂಡಿತು.

ಕುವೆಂಪು ಅವರನ್ನು ನೋಡಿರಿ. ಎಳೆವೆಯಲ್ಲಿಯೇ ತಂದೆಯನ್ನು ಕಳೆದುಕೊಂಡರೂ, ಕುಪ್ಪಳಿಯ ಅನುಕೂಲವಾದ ಮನೆತನದ ಆ ಬಾಲಕನ ಓದು ನಿಲ್ಲಲಿಲ್ಲ. ಅವರ ಶ್ರೀ ರಾಮಾಯಣ ದರ್ಶನಂ 1949ರಲ್ಲಿ ಪ್ರಕಟವಾದಾಗ ಅವರಿಗೆ ನಲವತ್ತು ದಾಟಿದ್ದಿತು. ಆ ವಯಸ್ಸನ್ನು ಮುದ್ದಣನು ಕಾಣಲೇ ಇಲ್ಲ. ಕಂಡಿದ್ದರೆ ಇನ್ನೂ ಏನೇನನ್ನು ಬರೆಯುತ್ತಿದ್ದನೋ!

ಆದುದರಿಂದ, ವಿದ್ಯಾರ್ಥಿಮಿತ್ರರೇ, ಸುಖವಾಗಿ ಬೆಳೆಯುವವರು ತಮಗೆ ಕಷ್ಟವಿಲ್ಲವೆಂದು ಅಳುಕಬೇಕಾಗಿಲ್ಲ. ಕಷ್ಟದಲ್ಲಿರುವವರು ಅದನ್ನೇ ಭಾಗ್ಯವೆಂದು ಭಾವಿಸಬೇಕಾಗಿಯೂ ಇಲ್ಲ. ನಮ್ಮ ಎಗ್ಮೋರಿನ ಕನ್ನೆಮರಾ ಗ್ರಂಥಾಲಯವು 1896ರಿಂದಲೂ ಓದುಗರಿಗೆ ತೆರೆದಿದೆ. ಅಲ್ಲಿಗೆ ಹೋಗಿ ಓದಿರಿ. ಪುಸ್ತಕ ಕೊಳ್ಳಲಾರದ ಸಹಪಾಠಿಯಿದ್ದರೆ ಅವನನ್ನೂ ಜೊತೆಗೆ ಕರೆದೊಯ್ಯಿರಿ. ಪಕ್ಕದಲ್ಲಿ ಕುಳಿತ ಮುದ್ದಣನೊಬ್ಬನ ಓದು ನಡುವೆ ನಿಲ್ಲದಂತೆ ನೋಡಿಕೊಳ್ಳುವುದೇ ಆ ಕವಿಗೆ ನಾವು ಸಲ್ಲಿಸಬಹುದಾದ ಗೌರವ.