ಅಮೀರಬಾಯಿ ಕರ್ನಾಟಕಿ: ಕೀರ್ತಿ, ವಿಸ್ಮೃತಿ ಮತ್ತು ಅಭಿಮಾನಿಗಳ ನೆನಪು

ಕಲಾವಿದರ ಜೀವನ ಚರಿತ್ರೆಯನ್ನು ರಚಿಸುವಾಗ ನಮಗೆ ದೊರೆಯುವ ಆಕರಗಳಲ್ಲಿ ಬಹುಪಾಲು ಅಭಿಮಾನಿಗಳ ಮೂಲಕವೇ ಬಂದಿರುತ್ತವೆ. ಕಾಪಾಡಿಟ್ಟ ಧ್ವನಿಮುದ್ರಿಕೆಗಳು, ಪತ್ರಿಕೆಗಳ ಪ್ರಶಂಸೆ, ಸಾವಿನ ತರುವಾಯ ಬರೆದ ಶ್ರದ್ಧಾಂಜಲಿ, ಊರಿನವರ ಬಾಯಿಮಾತು ಇವೆಲ್ಲವೂ ಅಭಿಮಾನದ ಫಲಗಳೇ. ಆದರೆ ಅಭಿಮಾನವು ಎಷ್ಟನ್ನು ಉಳಿಸಿಕೊಡುತ್ತದೆಯೋ ಅಷ್ಟನ್ನೇ ಮರೆಸಲೂಬಲ್ಲದು. ಬೀಳಗಿಯಲ್ಲಿ ಹುಟ್ಟಿ ಮುಂಬಯಿಯ ಚಿತ್ರರಂಗದಲ್ಲಿ ಹೆಸರಾದ ಗಾಯಕಿ ಅಮೀರಬಾಯಿ ಕರ್ನಾಟಕಿಯವರ ಬದುಕನ್ನು ಈ ನೆಲೆಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಅವರ ಸೋದರಿ ಗೋಹರಬಾಯಿಯವರ ಬದುಕನ್ನು ಪಕ್ಕದಲ್ಲಿರಿಸಿಕೊಳ್ಳದೆ ಈ ಪರಿಶೀಲನೆ ಪೂರ್ಣವಾಗದು. ಕೇಳುಗ ಸಮುದಾಯವು ಒಬ್ಬರನ್ನು ಮರೆಯಿತು, ಇನ್ನೊಬ್ಬರನ್ನು ದೂಷಿಸಿತು.

ಬೀಳಗಿ ಇಂದು ಬಾಗಲಕೋಟೆ ಜಿಲ್ಲೆಯ ತಾಲ್ಲೂಕು ಕೇಂದ್ರ. 1997ರಲ್ಲಿ ಈ ಜಿಲ್ಲೆ ರಚನೆಯಾಗುವವರೆಗೆ ಅದು ವಿಜಾಪುರ ಜಿಲ್ಲೆಯಲ್ಲಿತ್ತು. 1956ರ ಏಕೀಕರಣಕ್ಕೆ ಮೊದಲು ಮುಂಬಯಿ ಆಡಳಿತಕ್ಕೆ ಒಳಪಟ್ಟಿತ್ತು. ನೆರೆಯ ಜಮಖಂಡಿಯಲ್ಲಿ ಪಟವರ್ಧನರ, ಮುಧೋಳದಲ್ಲಿ ಘೋರ್ಪಡೆಯವರ ಸಂಸ್ಥಾನಗಳಿದ್ದವು. ರಬಕವಿ-ಬನಹಟ್ಟಿಯ ನೇಕಾರ ಸಮುದಾಯ, ಮುಧೋಳ ಸೀಮೆಯ ಲೋಕಾಪುರದಂಥ ಊರುಗಳಲ್ಲಿ ಬೆಳೆದ ಕೃಷ್ಣಪಾರಿಜಾತದ ಮೇಳಗಳು, ಮರಾಠಿ ಸಂಗೀತ ನಾಟಕಗಳ ಪ್ರಭಾವ, ಮುಸ್ಲಿಂ ಮನೆಗಳ ದಖನಿ ಉರ್ದು ಇವೆಲ್ಲ ಸೇರಿ ಈ ಪ್ರದೇಶವು ಹಲವು ಭಾಷೆಗಳ ಸಾಂಸ್ಕೃತಿಕ ವಲಯವಾಗಿತ್ತು. ಅಮೀರಬಾಯಿಯವರ ಕಂಠ ರೂಪುಗೊಂಡದ್ದು ಇಂಥ ನೆಲದಲ್ಲಿ. ಅವರ ಜನನ 1906ರಲ್ಲೆಂದು ಸಾಮಾನ್ಯವಾಗಿ ಗುರುತಿಸಲಾಗಿದೆ. ಐವರು ಸೋದರಿಯರಲ್ಲಿ ಅಮೀರಬಾಯಿ ಮತ್ತು ಗೋಹರಬಾಯಿ ಇಬ್ಬರೂ ಗಾಯನ ಮತ್ತು ಅಭಿನಯಗಳಿಂದ ಪ್ರಸಿದ್ಧರಾದರು. ಇಬ್ಬರೂ ಹೆಸರಿನ ಮುಂದೆ ಕರ್ನಾಟಕಿ ಎಂದು ಸೇರಿಸಿಕೊಂಡದ್ದು ಗಮನಾರ್ಹ. ರಾಜ್ಯವು ಕರ್ನಾಟಕವೆಂದು ನಾಮಕರಣಗೊಂಡ 1973ಕ್ಕಿಂತ ದಶಕಗಳ ಮೊದಲೇ ಈ ಹೆಸರು ಧ್ವನಿಮುದ್ರಿಕೆಗಳ ಮೂಲಕ ದೇಶದ ಮನೆಮನೆಗೆ ತಲುಪಿತ್ತು.

ಚಿತ್ರರಂಗದಲ್ಲಿ ಅಮೀರಬಾಯಿಯವರ ಪ್ರವೇಶವು 1934ರ ವಿಷ್ಣುಭಕ್ತಿ ಚಿತ್ರದ ಮೂಲಕ ಆಯಿತು. ಇದಕ್ಕೆ ಗೋಹರಬಾಯಿಯವರ ನೆರವಿತ್ತು. ನಟರು ತಮ್ಮ ಹಾಡನ್ನು ತಾವೇ ಹಾಡುತ್ತಿದ್ದ ಆ ಕಾಲದಲ್ಲಿ ಹಾಡುಗಾರಿಕೆ ಮತ್ತು ನಟನೆ ಬೇರೆ ಬೇರೆ ವೃತ್ತಿಗಳಾಗಿರಲಿಲ್ಲ. ಮೊದಲ ಕೆಲವು ವರ್ಷ ಅವರಿಗೆ ದೊಡ್ಡ ಯಶಸ್ಸು ಒದಗಲಿಲ್ಲ. 1940ರ ನರಸೀ ಭಗತ್ ಚಿತ್ರದಲ್ಲಿ ಹಾಡಿದ ನರಸಿಂಹ ಮೆಹತಾ ಅವರ ಭಜನೆಯಿಂದ ಅವರ ಕಂಠಕ್ಕೆ ಹೊಸ ಗೌರವ ದೊರೆಯಿತು. ಈ ಗಾಯನವನ್ನು ಗಾಂಧೀಜಿಯವರು ಮೆಚ್ಚಿದ್ದರೆಂಬ ಮಾತು ಅಮೀರಬಾಯಿಯವರ ಕುರಿತ ಬರಹಗಳಲ್ಲೆಲ್ಲ ಮರುಕಳಿಸುತ್ತದೆ. ಚಿತ್ರಗಾಯಕಿಯರನ್ನು ಸಮಾಜ ಅನುಮಾನದಿಂದ ನೋಡುತ್ತಿದ್ದ ದಿನಗಳಲ್ಲಿ ಇಂಥದೊಂದು ಮನ್ನಣೆಯ ಆಧಾರ ಅಭಿಮಾನಿಗಳಿಗೆ ಏಕೆ ಅಗತ್ಯವೆನಿಸಿತು ಎಂಬುದನ್ನು ಸಂಶೋಧಕರು ಯೋಚಿಸಬೇಕಾಗಿದೆ.

1943ರಲ್ಲಿ ಬಾಂಬೆ ಟಾಕೀಸ್ ಸಂಸ್ಥೆಯ ಕಿಸ್ಮತ್ ತೆರೆಕಂಡಿತು. ಅನಿಲ್ ಬಿಸ್ವಾಸ್ ಅವರ ಸಂಗೀತ ಸಂಯೋಜನೆಯಲ್ಲಿ ಅಮೀರಬಾಯಿಯವರು ನಾಯಕಿಗೆ ಕಂಠವಾದರು. ಕಲ್ಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಈ ಚಿತ್ರ 3 ವರ್ಷಕ್ಕೂ ಮಿಕ್ಕಿ ಓಡಿತು. ಮರುವರ್ಷ ನೌಶಾದರ ಸಂಗೀತವಿದ್ದ ರತನ್ ಅವರ ಕೀರ್ತಿಯನ್ನು ಇನ್ನಷ್ಟು ವಿಸ್ತರಿಸಿತು. ಇತರ ಗಾಯಕಿಯರಿಗೆ ಒಂದು ಹಾಡಿಗೆ 500 ರೂಪಾಯಿ ದೊರೆಯುತ್ತಿದ್ದಾಗ ಅಮೀರಬಾಯಿಯವರಿಗೆ 1000 ರೂಪಾಯಿ ಸಲ್ಲುತ್ತಿತ್ತೆಂದು ಪತ್ರಕರ್ತ ಬಾಬುರಾವ್ ಪಟೇಲರು ದಾಖಲಿಸಿದ್ದಾರೆ. ಕನ್ನಡಿಗರು ಅವರನ್ನು ಕನ್ನಡ ಕೋಗಿಲೆ ಎಂದು ಕರೆದರು. 1948ರ ಶಹನಾಜ್ ಚಿತ್ರಕ್ಕೆ ಅವರು ಸಂಗೀತವನ್ನೂ ಸಂಯೋಜಿಸಿದರು. ಸಂಗೀತ ನಿರ್ದೇಶನದಲ್ಲಿ ಮಹಿಳೆಯರು ವಿರಳವಾಗಿದ್ದ ಕಾಲದಲ್ಲಿ ಇದು ಸಣ್ಣ ಸಾಧನೆಯಲ್ಲ.

ಕೀರ್ತಿಯ ಈ ವರ್ಷಗಳು ಖಾಸಗಿ ಬದುಕಿನಲ್ಲಿ ನೆಮ್ಮದಿಯವಾಗಿರಲಿಲ್ಲ. ಖಳಪಾತ್ರಗಳಿಂದ ಹೆಸರಾದ ನಟ ಹಿಮಾಲಯವಾಲಾ ಅವರೊಂದಿಗಿನ ಮದುವೆ ಹಿಂಸೆಯಿಂದ ಕೂಡಿತ್ತು. ವಕೀಲರ ಸಹಾಯದಿಂದ ಅಮೀರಬಾಯಿ ಅದರಿಂದ ಬಿಡುಗಡೆ ಪಡೆದರು. ಹಿಮಾಲಯವಾಲಾ ದೇಶವಿಭಜನೆಯ ತರುವಾಯ ಪಾಕಿಸ್ತಾನಕ್ಕೆ ಹೋದರು. ಮುಂದೆ ಪತ್ರಕರ್ತ ಬದ್ರಿ ಕಾಂಚವಾಲಾ ಅವರೊಂದಿಗೆ ಅಮೀರಬಾಯಿಯವರ ವಿವಾಹವಾಯಿತು. ದೇಶವೆಲ್ಲ ಕೇಳುತ್ತಿದ್ದ ಕಂಠದ ಹಿಂದಿದ್ದ ಈ ಯಾತನೆ ಆ ಕಂಠವನ್ನು ಮೆಚ್ಚಿದವರ ಅರಿವಿಗೆ ಬಂದದ್ದು ಕಡಿಮೆ.

1949ರ ನಂತರ ಲತಾ ಮಂಗೇಶಕರ್ ಅವರ ತೆಳುವಾದ, ಎತ್ತರದ ಸ್ಥಾಯಿಯ ಕಂಠವೇ ನಾಯಕಿಯ ಕಂಠದ ಮಾದರಿಯಾಯಿತು. ತುಂಬುಕಂಠದ ಹಿಂದಿನ ಗಾಯಕಿಯರು ಕ್ರಮೇಣ ಹಿಂದೆ ಸರಿದರು. 1950ರ ಸಮಾಧಿ ಚಿತ್ರದಲ್ಲಿ ಸಿ. ರಾಮಚಂದ್ರರ ಸಂಯೋಜನೆಯ ಹಾಡೊಂದನ್ನು ಲತಾ ಮತ್ತು ಅಮೀರಬಾಯಿ ಜತೆಯಾಗಿ ಹಾಡಿದ್ದಾರೆ. ಎರಡು ಯುಗಗಳ ಸಂಧಿಯನ್ನು ಆ ಒಂದೇ ಹಾಡಿನಲ್ಲಿ ಕೇಳಬಹುದು. ಹಾಡುವ ಅವಕಾಶಗಳು ಕಡಿಮೆಯಾದಂತೆ ಅಮೀರಬಾಯಿ ಪೋಷಕ ಪಾತ್ರಗಳತ್ತ ಹೊರಳಿದರು. ಕೇಳುಗರು ಅವರನ್ನು ತಿರಸ್ಕರಿಸಲಿಲ್ಲ; ಕೇಳುವ ಅಭಿರುಚಿ ಬದಲಾಗಿ ಅವರನ್ನು ಮರೆತರು. ಹೀಗಾಗಿ ಅವರ ನಿವೃತ್ತಿಗೆ ದಿನಾಂಕವಿಲ್ಲ, ಬೀಳ್ಕೊಡುಗೆಯೂ ಇಲ್ಲ.

ಗೋಹರಬಾಯಿಯವರ ಪಾಲಿಗೆ ಒದಗಿದ್ದು ಬೇರೆ ಬಗೆಯ ಅನುಭವ. ಮರಾಠಿ ರಂಗಭೂಮಿಯ ಮೇರುನಟ ಬಾಲಗಂಧರ್ವರ ಗಾಯನದ ಆರಾಧಕಿಯಾಗಿದ್ದ ಅವರು 1930ರ ದಶಕದ ಕೊನೆಯಲ್ಲಿ ಬಾಲಗಂಧರ್ವರ ನಾಟಕ ಮಂಡಳಿಯನ್ನು ಸೇರಿದರು. ಸ್ತ್ರೀಪಾತ್ರಗಳಿಂದಲೇ ಪ್ರಸಿದ್ಧವಾಗಿದ್ದ ನಟನ ಮಂಡಳಿಯಲ್ಲಿ ಸ್ವತಃ ಸ್ತ್ರೀಯೊಬ್ಬರು ಪಾತ್ರ ವಹಿಸತೊಡಗಿದರು. 1951ರಲ್ಲಿ ಅವರಿಬ್ಬರ ವಿವಾಹವಾಯಿತು. ಬಾಲಗಂಧರ್ವರ ಅಭಿಮಾನಿಗಳು ಇದನ್ನು ಸಹಿಸಲಿಲ್ಲ. ಅವರ ಅವನತಿಗೆ ಗೋಹರಬಾಯಿಯೇ ಕಾರಣವೆಂಬ ಆರೋಪ ಬಹುಕಾಲ ಪ್ರಚಲಿತವಾಗಿತ್ತು. ಆದರೆ ಕಾಲಾನುಕ್ರಮವನ್ನು ಪರಿಶೀಲಿಸಿದರೆ ಈ ಆರೋಪ ನಿಲ್ಲುವುದಿಲ್ಲ. ಮಂಡಳಿಯು 1920ರ ದಶಕದಲ್ಲಿಯೇ ಭಾರಿ ಸಾಲಕ್ಕೆ ಸಿಲುಕಿತ್ತು. 1931ರಲ್ಲಿ ವಾಕ್ಚಿತ್ರ ಬಂದ ಮೇಲೆ ಸಂಗೀತ ನಾಟಕದ ಪ್ರೇಕ್ಷಕರು ಚಿತ್ರಮಂದಿರದ ಕಡೆಗೆ ಹೊರಳಿದ್ದರು. ಬಾಲಗಂಧರ್ವರು ಸ್ವತಃ 1935ರಲ್ಲಿ ಪ್ರಭಾತ್ ಸಂಸ್ಥೆಯ ಧರ್ಮಾತ್ಮಾ ಚಿತ್ರದಲ್ಲಿ ನಟಿಸಿದ್ದರು. 1888ರಲ್ಲಿ ಜನಿಸಿದ ಅವರಿಗೆ ಗೋಹರಬಾಯಿ ಮಂಡಳಿಗೆ ಬರುವ ಹೊತ್ತಿಗೆ ವಯಸ್ಸು ಐವತ್ತರ ಸಮೀಪದಲ್ಲಿತ್ತು. ಆರಾಧ್ಯ ನಟನ ವೃದ್ಧಾಪ್ಯವನ್ನು ಒಪ್ಪಲಾಗದ ಅಭಿಮಾನವು ಅದರ ಹೊಣೆಯನ್ನು ಅನ್ಯಭಾಷಿಕಳೂ ಅನ್ಯಧರ್ಮೀಯಳೂ ಆದ ಮಹಿಳೆಯೊಬ್ಬಳ ಮೇಲೆ ಹೊರಿಸಿತು. ಕಾಲಿನ ಬಲ ಕಳೆದುಕೊಂಡ ನಟನೊಂದಿಗೆ ಗೋಹರಬಾಯಿ ಬಾಳಿದ ವರ್ಷಗಳು ಈ ಕಥನದಲ್ಲಿ ಹಿನ್ನೆಲೆಗೆ ಸರಿದವು.

1964ರಲ್ಲಿ ಗೋಹರಬಾಯಿ ತೀರಿಕೊಂಡರು. ಮರುವರ್ಷ, 1965ರ ಮಾರ್ಚ್ 3ರಂದು, ಪಾರ್ಶ್ವವಾಯುವಿನಿಂದ ಅಮೀರಬಾಯಿ ನಿಧನರಾದರು. ಬಾಲಗಂಧರ್ವರ ಸಾವು ಸಂಭವಿಸಿದ್ದು 1967ರ ಜುಲೈ 15ರಂದು. ಅಮೀರಬಾಯಿಯವರನ್ನು ವಿಜಾಪುರದಲ್ಲಿ ಸಮಾಧಿ ಮಾಡಲಾಯಿತು. ಮುಂಬಯಿಯಲ್ಲಿ ಗಳಿಸಿದ ಕೀರ್ತಿ ಕೊನೆಗೆ ಮರಳಿದ್ದು ತವರು ಜಿಲ್ಲೆಗೆ. ವಿಜಾಪುರದಲ್ಲಿ ಅವರು ಕಟ್ಟಿಸಿದ ಅಮೀರ್ ಟಾಕೀಸ್ ಅವರ ಹೆಸರನ್ನು ಊರಿನ ನಾಲಿಗೆಯ ಮೇಲೆ ಉಳಿಸಿತು. ಅಲ್ಲಿ ಚಿತ್ರ ನೋಡಿದವರಲ್ಲಿ ಎಷ್ಟೋ ಮಂದಿಗೆ ಅದು ಗಾಯಕಿಯ ಹೆಸರೆಂಬುದು ತಿಳಿಯದೆಯೂ ಇದ್ದೀತು. ರೇಡಿಯೋ ಸಿಲೋನಿನ ಹಳೆಯ ಚಿತ್ರಗೀತೆಗಳ ಕಾರ್ಯಕ್ರಮ ಮತ್ತು ಧ್ವನಿಮುದ್ರಿಕೆಗಳ ಸಂಗ್ರಾಹಕರು ಅವರ ಕಂಠವನ್ನು ಕಾಪಾಡಿದರು. ರಹಮತ್ ತರೀಕೆರೆಯವರ ಅಧ್ಯಯನದಿಂದ ಅವರ ಬದುಕು ಕನ್ನಡ ಸಂಶೋಧನೆಯ ವ್ಯಾಪ್ತಿಗೆ ಬಂದಿತು.

ಬೀಳಗಿಯ ಈ ಸೋದರಿಯರ ಕುರಿತ ಅಭಿಮಾನಿಗಳ ಪ್ರತಿಕ್ರಿಯೆಗಳಿಂದ ಅವರ ಬದುಕಿಗಿಂತ ಹೆಚ್ಚಾಗಿ ಅಭಿಮಾನಿಗಳ ಸಮಾಜವೇ ನಮಗೆ ತಿಳಿಯುತ್ತದೆ. ಆ ಸಮಾಜಕ್ಕೆ ಹೆಣ್ಣಿನ ಕಂಠ ಬೇಕಿತ್ತು. ಆಕೆಯ ಬದುಕಿನ ಹೊಣೆ ಬೇಕಿರಲಿಲ್ಲ. ಉತ್ತರ ಕರ್ನಾಟಕದ ಕಲಾವಿದೆಯರ ಚರಿತ್ರೆಯನ್ನು ಬರೆಯುವವರು ಹೊಗಳಿಕೆ, ದೂಷಣೆ, ಮೌನ ಈ ಮೂರನ್ನೂ ಆಕರಗಳೆಂದು ಸ್ವೀಕರಿಸಬೇಕು. ಆದರೆ ಅವುಗಳಲ್ಲಿ ಯಾವುದನ್ನೂ ತೀರ್ಪೆಂದು ಒಪ್ಪಬಾರದು. ಜಮಖಂಡಿ, ಮುಧೋಳ, ಬೀಳಗಿ ಸೀಮೆಯಿಂದ ಹೊರಟು ರಂಗಭೂಮಿ ಮತ್ತು ಚಿತ್ರರಂಗಗಳಲ್ಲಿ ದುಡಿದ ಇನ್ನೂ ಅನೇಕ ಮಹಿಳೆಯರ ಹೆಸರುಗಳು ಹಿರಿಯರ ನೆನಪಿನಲ್ಲಿ ಮಾತ್ರ ಉಳಿದಿರುವ ಸಾಧ್ಯತೆಯಿದೆ. ಆ ನೆನಪುಗಳು ಮಾಸುವ ಮೊದಲೇ ಕ್ಷೇತ್ರಕಾರ್ಯ ನಡೆಯಬೇಕಾಗಿದೆ.