ರೋಗಾಣುಗಳನ್ನು ಗೆದ್ದ ಗೆರ್ಹಾರ್ಡ್ ಡೊಮಾಕ್

ಕಾಲಿಗೆ ಮುಳ್ಳು ಚುಚ್ಚಿ ಗಾಯವು ಕೀವುಗಟ್ಟಿದರೆ ಇಂದು ಯಾರೂ ಪ್ರಾಣಭಯದಿಂದ ಕಂಗೆಡುವುದಿಲ್ಲ. ವೈದ್ಯರು ಕೊಟ್ಟ ನಾಲ್ಕಾರು ಗುಳಿಗೆಗಳಿಂದ ಜ್ವರವಿಳಿದು ಗಾಯವು ಮಾಯುತ್ತದೆ. ಆದರೆ ಈ ಶತಮಾನಕ್ಕೆ ಹಿಂದಿನ ಶತಮಾನದ ಪೂರ್ವಾರ್ಧದಲ್ಲಿ ಸ್ಥಿತಿ ಹೀಗಿರಲಿಲ್ಲ. ಸೂಜಿಯ ಮೊನೆಯಷ್ಟು ಗಾಯವೂ ರಕ್ತವನ್ನು ವಿಷಮಯಗೊಳಿಸಿ ಗಟ್ಟಿಮುಟ್ಟಾದ ಮನುಷ್ಯನನ್ನು ವಾರದೊಳಗೆ ಮಣ್ಣುಗೂಡಿಸುತ್ತಿತ್ತು. ಹೆರಿಗೆಯಾದ ತಾಯಿ ಸೂತಿಕಾಜ್ವರಕ್ಕೆ ತುತ್ತಾಗಿ ಹಸುಗೂಸನ್ನು ತಬ್ಬಲಿಮಾಡಿ ಹೋಗುವುದು ಶ್ರೀಮಂತ ದೇಶಗಳಲ್ಲಿಯೂ ಅಪರೂಪವಾಗಿರಲಿಲ್ಲ. ಇಂತಹ ದುಃಸ್ಥಿತಿಯಿಂದ ಮನುಕುಲವನ್ನು ಪಾರುಗಾಣಿಸಿದವರಲ್ಲಿ ಜರ್ಮನಿಯ ಗೆರ್ಹಾರ್ಡ್ ಡೊಮಾಕರು ಅಗ್ರಗಣ್ಯರು.

ಡೊಮಾಕರು 1895ನೆಯ ಇಸವಿ ಅಕ್ಟೋಬರ್ 30ರಂದು, ಆಗ ಜರ್ಮನಿಗೆ ಸೇರಿದ್ದು ಇಂದು ಪೋಲೆಂಡಿನಲ್ಲಿರುವ ಲಾಗೋ ಎಂಬ ಚಿಕ್ಕ ಊರಿನಲ್ಲಿ ಜನಿಸಿದರು. ತಂದೆ ಶಾಲಾ ಉಪಾಧ್ಯಾಯರು. ಬಾಲಕನು ಕೀಲ್ ವಿಶ್ವವಿದ್ಯಾನಿಲಯದಲ್ಲಿ ವೈದ್ಯಶಾಸ್ತ್ರಾಭ್ಯಾಸವನ್ನು ಆರಂಭಿಸಿದನೋ ಇಲ್ಲವೋ ಎನ್ನುವಷ್ಟರಲ್ಲಿ 1914ರ ಮಹಾಯುದ್ಧವು ಸಿಡಿದೆದ್ದಿತು. ಸ್ವಯಂಸೇವಕನಾಗಿ ಸೈನ್ಯ ಸೇರಿದ ತರುಣನು ಆ ವರ್ಷಾಂತ್ಯದಲ್ಲಿಯೇ ಗಾಯಗೊಂಡು, ಅನಂತರ ಸೈನ್ಯದ ವೈದ್ಯಕೀಯ ದಳಕ್ಕೆ ವರ್ಗವಾದನು. ಪೂರ್ವರಂಗದ ಕಾಲರಾ ಆಸ್ಪತ್ರೆಗಳಲ್ಲಿಯೂ ಶಸ್ತ್ರಚಿಕಿತ್ಸೆಯ ಡೇರೆಗಳಲ್ಲಿಯೂ ಆತನು ಕಂಡ ದೃಶ್ಯಗಳು ಬಾಳಿನುದ್ದಕ್ಕೂ ಮರೆಯದಂಥವು. ಗುಂಡನ್ನು ಹೊರತೆಗೆದು, ಕೊಳೆತ ಅಂಗವನ್ನು ಕತ್ತರಿಸಿ, ವೈದ್ಯರು ತಮಗೆ ತಿಳಿದುದನ್ನೆಲ್ಲ ಮಾಡಿದರೂ ಯೋಧರು ಸಾಯುತ್ತಿದ್ದರು. ಕೊಲ್ಲುತ್ತಿದ್ದುದು ಗುಂಡಲ್ಲ, ಗಾಯದೊಳಕ್ಕೆ ನುಗ್ಗಿದ ಕಣ್ಣಿಗೆ ಕಾಣದ ಏಕಾಣುಜೀವಿಗಳು, ಅಂದರೆ ಬ್ಯಾಕ್ಟೀರಿಯಗಳು. ಅವುಗಳಿಗೆ ಮದ್ದು ಕಾಣಬೇಕೆಂಬ ಹಂಬಲ ಅಲ್ಲಿಯೇ ಮೊಳೆಯಿತು.

ಯುದ್ಧಾನಂತರ 1921ರಲ್ಲಿ ವೈದ್ಯಪದವಿ ಪಡೆದ ಡೊಮಾಕರು ಗ್ರೈಫ್ಸ್‌ವಾಲ್ಡ್ ಮತ್ತು ಮ್ಯೂನ್‌ಸ್ಟರ್ ವಿಶ್ವವಿದ್ಯಾನಿಲಯಗಳಲ್ಲಿ ರೋಗನಿದಾನಶಾಸ್ತ್ರವನ್ನು ಬೋಧಿಸಿದರು. 1927ರಲ್ಲಿ ಬಣ್ಣ ಮತ್ತು ಔಷಧಗಳ ತಯಾರಿಕೆಗೆ ಹೆಸರಾದ ಐ. ಜಿ. ಫಾರ್ಬೆನ್ ಸಂಸ್ಥೆಯ ಎಲ್ಬರ್‌ಫೆಲ್ಡ್ ಪ್ರಯೋಗಾಲಯ ಅವರನ್ನು ಬರಮಾಡಿಕೊಂಡಿತು. ಬಣ್ಣಕ್ಕೂ ಔಷಧಕ್ಕೂ ಎಲ್ಲಿಯ ನಂಟು ಎಂದು ಸಂದೇಹವುಂಟಾಗಬಹುದು. ಡೊಮಾಕರಿಗಿಂತ ಹಿಂದಿನ ತಲೆಮಾರಿನ ಪಾಲ್ ಎರ್ಲಿಕ್ ಎಂಬ ವಿದ್ವಾಂಸರು, ಕೆಲವು ಬಣ್ಣಗಳು ಸುತ್ತಲಿನ ಜೀವಕೋಶಗಳಿಗೆ ಹತ್ತದೆ ರೋಗಾಣುಗಳಿಗೆ ಮಾತ್ರ ಹತ್ತುವುದನ್ನು ಗಮನಿಸಿ, ರೋಗಿಗೆ ಕೇಡುಮಾಡದೆ ರೋಗಾಣುವನ್ನು ಮಾತ್ರ ಹುಡುಕಿ ಹೊಡೆಯುವ ರಾಸಾಯನಿಕವೂ ಇರಲೇಬೇಕೆಂದು ತರ್ಕಿಸಿದ್ದರು. ಅವರು ಕಂಡುಹಿಡಿದ ಸಾಲ್ವರ್ಸಾನ್ 1910ರಲ್ಲಿ ಉಪದಂಶರೋಗಕ್ಕೆ ಔಷಧವಾಗಿ ಬಂದಿತು. ಆದರೆ ಸಾಮಾನ್ಯ ಗಾಯಗಳನ್ನು ವಿಷಗೊಳಿಸುವ ಸ್ಟ್ರೆಪ್ಟೊಕಾಕಸ್ ಮುಂತಾದವುಗಳಿಗೆ ಮದ್ದೇ ಇಲ್ಲವೆಂದು ಪಂಡಿತರು ಕೈಚೆಲ್ಲಿದ್ದರು.

ಎಲ್ಬರ್‌ಫೆಲ್ಡ್‌ನಲ್ಲಿ ಜೋಸೆಫ್ ಕ್ಲಾರರ್ ಮತ್ತು ಫ್ರಿಟ್ಸ್ ಮೀಚ್ ಎಂಬ ರಸಾಯನಜ್ಞರು ಹೊಸ ಹೊಸ ವರ್ಣದ್ರವ್ಯಗಳನ್ನು ಸಿದ್ಧಪಡಿಸುತ್ತಿದ್ದರು. ಡೊಮಾಕರು ಅವುಗಳನ್ನು ಸೋಂಕು ತಗುಲಿಸಿದ ಇಲಿಗಳ ಮೇಲೆ ಒಂದೊಂದಾಗಿ ಪರೀಕ್ಷಿಸುತ್ತಿದ್ದರು. ಐದು ವರ್ಷಗಳ ಕಾಲ ಸೋಲಿನ ಮೇಲೆ ಸೋಲು. ಕೊನೆಗೆ 1932ರ ಡಿಸೆಂಬರ್ ತಿಂಗಳಲ್ಲಿ ಒಂದು ಕೆಂಪು ಬಣ್ಣವನ್ನು ಪರೀಕ್ಷಿಸಿದಾಗ, ಮದ್ದು ಪಡೆಯದ ಇಲಿಗಳು ಸತ್ತುಬಿದ್ದವು. ಮದ್ದು ಪಡೆದವು ಲವಲವಿಕೆಯಿಂದ ಓಡಾಡುತ್ತಿದ್ದವು. ಪ್ರಾಂಟೋಸಿಲ್ ಎಂದು ಹೆಸರಾದುದು ಇದೇ ದ್ರವ್ಯ. ಡೊಮಾಕರು ಆತುರಪಡಲಿಲ್ಲ. ಪ್ರಯೋಗಗಳನ್ನು ಮತ್ತೆ ಮತ್ತೆ ನಡೆಯಿಸಿ, ರೋಗಿಗಳಲ್ಲಿಯೂ ಫಲವನ್ನು ನೋಡಿದ ಮೇಲೆಯೇ, 1935ರ ಫೆಬ್ರವರಿಯಲ್ಲಿ ತಮ್ಮ ಪ್ರಬಂಧವನ್ನು ಪ್ರಕಟಿಸಿದರು.

ಅದೇ ವರ್ಷದ ಡಿಸೆಂಬರಿನಲ್ಲಿ ವಿಧಿಯು ಅವರ ಮನೆಯಲ್ಲಿಯೇ ಆ ಔಷಧದ ಪರೀಕ್ಷೆಯನ್ನು ಒಡ್ಡಿತು. ಆರು ವರ್ಷದ ಮಗಳು ಹಿಲ್ಡೆಗಾರ್ಡ್ ಎಡವಿ ಬಿದ್ದಾಗ ಕೈಯಲ್ಲಿದ್ದ ಹೊಲಿಗೆಯ ಸೂಜಿ ಅಂಗೈಗೆ ನಾಟಿ ಮುರಿಯಿತು. ಸೂಜಿಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದರೂ ನಂಜು ತೋಳಿನತ್ತ ಏರತೊಡಗಿತು, ಜ್ವರ ಕೆರಳಿತು. ಮೇಲಿಂದ ಮೇಲೆ ಶಸ್ತ್ರಪ್ರಯೋಗವಾದರೂ ಫಲವಿಲ್ಲದೆ, ಕೈಯನ್ನೇ ಕತ್ತರಿಸಬೇಕಾದೀತೆಂಬ ಮಾತು ಬಂದಿತು. ಆ ಗಳಿಗೆಯಲ್ಲಿ ತಂದೆಯು ತಾನು ಕಂಡುಹಿಡಿದ ಕೆಂಪು ಮದ್ದನ್ನು ಮಗಳಿಗೆ ಕೊಡಿಸಿದನು. ಜ್ವರವಿಳಿಯಿತು; ಕೈ ಉಳಿಯಿತು; ಮಗುವೂ ಬದುಕಿತು. ಸಹಸ್ರಾರು ಇಲಿಗಳ ಮೇಲೆ ನಡೆದ ತಪಸ್ಸಿನ ಫಲವು ಒಬ್ಬ ತಂದೆಯ ಮಡಿಲನ್ನು ಹೀಗೆ ತುಂಬಿತು. ಮರುವರ್ಷ ಲಂಡನ್ನಿನ ಕ್ವೀನ್ ಷಾರ್ಲಟ್ ಆಸ್ಪತ್ರೆಯಲ್ಲಿ ಲೆನಾರ್ಡ್ ಕೋಲ್‌ಬ್ರುಕ್ ಅವರು ಸೂತಿಕಾಜ್ವರಕ್ಕೆ ಈ ಔಷಧವನ್ನು ಕೊಟ್ಟಾಗ, ಮೊದಲ 38 ಮಂದಿ ಬಾಣಂತಿಯರಲ್ಲಿ ಮೂವರು ಮಾತ್ರ ತೀರಿಕೊಂಡರು. ಅದಕ್ಕೆ ಮೊದಲು ಸಾಯುತ್ತಿದ್ದವರ ಪ್ರಮಾಣ ಇದರ ಎರಡು ಪಟ್ಟಿಗೂ ಮೀರಿತ್ತು.

ಈ ಮದ್ದಿನಲ್ಲಿ ಒಂದು ವಿಚಿತ್ರವಡಗಿತ್ತು. ಗಾಜಿನ ನಳಿಗೆಯಲ್ಲಿ ಅದು ರೋಗಾಣುಗಳನ್ನು ಏನೂ ಮಾಡುತ್ತಿರಲಿಲ್ಲ. ದೇಹದೊಳಗೆ ಹೊಕ್ಕಾಗ ಮಾತ್ರ ಅದರ ಪ್ರಭಾವ ಕಾಣುತ್ತಿತ್ತು. 1935ರಲ್ಲಿ ಪ್ಯಾರಿಸಿನ ಪಾಸ್ತರ್ ಸಂಸ್ಥೆಯ ವಿಜ್ಞಾನಿಗಳು ಈ ಒಗಟನ್ನು ಬಿಡಿಸಿದರು. ದೇಹದಲ್ಲಿ ಪ್ರಾಂಟೋಸಿಲ್ ಒಡೆದು ಎರಡಾಗುತ್ತದೆ. ಬಣ್ಣದ ಭಾಗ ನಿರುಪಯುಕ್ತ, ಬಣ್ಣವಿಲ್ಲದ ಸಲ್ಫನಿಲಮೈಡ್ ಭಾಗವೇ ನಿಜವಾದ ಔಷಧ. 1908ರಷ್ಟು ಹಿಂದೆಯೇ ವಿಯೆನ್ನದಲ್ಲಿ ತಯಾರಾಗಿದ್ದ ಆ ದ್ರವ್ಯದ ಗುಣವನ್ನು ಅದುವರೆಗೆ ಯಾರೂ ಅರಿತಿರಲಿಲ್ಲ.

ಅದು ಕೆಲಸಮಾಡುವ ಬಗೆಯನ್ನು 1940ರಲ್ಲಿ ಇಂಗ್ಲೆಂಡಿನ ಡೊನಾಲ್ಡ್ ವುಡ್ಸ್ ತೋರಿಸಿಕೊಟ್ಟರು. ಬ್ಯಾಕ್ಟೀರಿಯಗಳು ತಮ್ಮ ಬೆಳವಣಿಗೆಗೆ ಬೇಕಾದ ಫೋಲಿಕ್ ಆಮ್ಲವನ್ನು ತಾವೇ ತಯಾರಿಸಿಕೊಳ್ಳಬೇಕು. ಅದಕ್ಕೆ ಬೇಕಾದ ಒಂದು ಮೂಲದ್ರವ್ಯವನ್ನು ಸಲ್ಫಾ ಔಷಧವು ರೂಪದಲ್ಲಿ ಹೋಲುತ್ತದೆ. ರೋಗಾಣುವು ಖೊಟ್ಟಿ ನಾಣ್ಯವನ್ನು ಸಾಚಾ ನಾಣ್ಯವೆಂದು ಭ್ರಮಿಸಿ ಸ್ವೀಕರಿಸುತ್ತದೆ. ವ್ಯಾಪಾರವು ಅಲ್ಲಿಗೇ ನಿಲ್ಲುತ್ತದೆ. ಮನುಷ್ಯನು ಫೋಲಿಕ್ ಆಮ್ಲವನ್ನು ಆಹಾರದಿಂದ ಪಡೆಯುವುದರಿಂದ ಅವನಿಗೆ ಈ ಮೋಸ ತಟ್ಟುವುದಿಲ್ಲ. ಎರ್ಲಿಕ್ ಅವರ ಕನಸು ಇಲ್ಲಿ ನನಸಾದುದನ್ನು ಕಾಣಬಹುದು.

ಡೊಮಾಕರು ತೆರೆದ ಬಾಗಿಲಿನಿಂದ ಮುಂದೆ ಅನೇಕ ಔಷಧಗಳು ಬಂದವು. ಅವುಗಳನ್ನು ಇಂದು ರೋಗಾಣುವಿನ ಯಾವ ಮರ್ಮಸ್ಥಾನವನ್ನು ಹೊಡೆಯುತ್ತವೆಂಬುದನ್ನು ಅನುಸರಿಸಿ ಮುಖ್ಯವಾಗಿ ಐದು ಬಗೆಯಾಗಿ ವಿಂಗಡಿಸುತ್ತಾರೆ. ಪೆನಿಸಿಲಿನ್ ಮತ್ತು ಸೆಫಲೋಸ್ಪೊರಿನ್‌ಗಳು ರೋಗಾಣುವಿನ ಕೋಶಭಿತ್ತಿಯನ್ನು ಕಟ್ಟಗೊಡುವುದಿಲ್ಲ. ಗೋಡೆಯಿಲ್ಲದ ಮನೆಯಂತೆ ಅದು ಕುಸಿಯುತ್ತದೆ. ಪಾಲಿಮಿಕ್ಸಿನ್‌ಗಳು ಒಳಪೊರೆಯನ್ನು ಹರಿಯುತ್ತವೆ. ಸ್ಟ್ರೆಪ್ಟೊಮೈಸಿನ್, ಟೆಟ್ರಸೈಕ್ಲಿನ್, ಎರಿತ್ರೊಮೈಸಿನ್‌ಗಳು ಪ್ರೋಟೀನು ತಯಾರಾಗುವ ಕಮ್ಮಟವನ್ನು ಕೆಡಿಸುತ್ತವೆ. ಕ್ವಿನೊಲೋನ್‌ಗಳು ಮತ್ತು ರಿಫಾಂಪಿಸಿನ್ ವಂಶವಾಹಕ ದ್ರವ್ಯದ ನಕಲು ಕಾರ್ಯಕ್ಕೆ ಅಡ್ಡಬರುತ್ತವೆ. ಐದನೆಯದು ಡೊಮಾಕರ ಸಲ್ಫಾ ಕುಟುಂಬ. ಕೆಲವು ರೋಗಾಣುವನ್ನು ಕೊಲ್ಲುವಂಥವು, ಕೆಲವು ಅದರ ವೃದ್ಧಿಯನ್ನು ತಡೆದು ಉಳಿದ ಕೆಲಸವನ್ನು ದೇಹದ ಶಕ್ತಿಗೆ ಬಿಡುವಂಥವು ಎಂಬ ಭೇದವೂ ಉಂಟು. ಸಲ್ಫಾ ಈ ಎರಡನೆಯ ಪಂಗಡದ್ದು. ಕೆಲವೇ ಬಗೆಯ ರೋಗಾಣುಗಳಿಗೆ ಸಲ್ಲುವುವು, ಹಲವು ಬಗೆಗಳಿಗೆ ಸಲ್ಲುವುವು ಎಂಬುದು ಇನ್ನೊಂದು ವಿಂಗಡಣೆ. ವೈದ್ಯರು ರೋಗಾಣುವನ್ನು ಗುರುತಿಸಿ ಮದ್ದನ್ನು ಆರಿಸುವುದು ಈ ಕಾರಣದಿಂದಲೇ.

1939ರಲ್ಲಿ ನೊಬೆಲ್ ಸಮಿತಿಯು ಡೊಮಾಕರಿಗೆ ವೈದ್ಯಶಾಸ್ತ್ರದ ಪಾರಿತೋಷಕವನ್ನು ಘೋಷಿಸಿತು. ಆದರೆ ಹಿಟ್ಲರನ ಆಡಳಿತಕ್ಕೆ ಆ ಹೆಸರೇ ಆಗದು. ನಾಜಿಗಳ ವಿರೋಧಿಯಾದ ಕಾರ್ಲ್ ಫಾನ್ ಒಸಿಯೆಟ್ಸ್ಕಿಗೆ ಶಾಂತಿ ಪಾರಿತೋಷಕ ದೊರೆತುದರಿಂದ ಕೆರಳಿದ ಹಿಟ್ಲರನು ಜರ್ಮನರಾರೂ ನೊಬೆಲ್ ಸ್ವೀಕರಿಸಕೂಡದೆಂದು 1937ರಲ್ಲಿ ಕಟ್ಟಪ್ಪಣೆ ಮಾಡಿದ್ದನು. ಡೊಮಾಕರನ್ನು ಗೆಸ್ಟಾಪೊ ಪೊಲೀಸರು ಬಂಧಿಸಿ ಒಂದು ವಾರ ಸೆರೆಯಲ್ಲಿಟ್ಟರು. ಪಾರಿತೋಷಕವನ್ನು ನಿರಾಕರಿಸುವ ಪತ್ರಕ್ಕೆ ಸಹಿಮಾಡಿಸಿಕೊಂಡರು. ಲೋಕಕ್ಕೆ ಪ್ರಾಣದಾನ ಮಾಡಿದವನಿಗೆ ಸ್ವದೇಶದಲ್ಲಿ ದೊರೆತ ಮನ್ನಣೆ ಸೆರೆಮನೆ! ಯುದ್ಧ ಮುಗಿದ ಬಳಿಕ 1947ರಲ್ಲಿ ಅವರು ಸ್ಟಾಕ್‌ಹೋಮಿಗೆ ಹೋಗಿ ಪದಕ ಮತ್ತು ಪ್ರಶಸ್ತಿಪತ್ರಗಳನ್ನು ಸ್ವೀಕರಿಸಿದರು. ಅವಧಿ ಮೀರಿದ್ದುದರಿಂದ ಹಣವು ಕೈಸೇರಲಿಲ್ಲ.

ಅಷ್ಟರಲ್ಲಿ ಪೆನಿಸಿಲಿನ್ ಬಂದು ಸಲ್ಫಾದ ಪ್ರಭೆಯನ್ನು ಮಂಕಾಗಿಸಿತ್ತು. ಮನಬಂದಂತೆ ಬಳಸಿದುದರಿಂದ ರೋಗಾಣುಗಳೂ ಈ ಮದ್ದಿಗೆ ಬಗ್ಗದಂತೆ ಒಗ್ಗಿಕೊಳ್ಳತೊಡಗಿದ್ದವು. ಅಮೆರಿಕದಲ್ಲಿ 1937ರಲ್ಲಿ ವಿಷದ್ರಾವಕದಲ್ಲಿ ಕಲಸಿ ಮಾರಿದ ಸಲ್ಫನಿಲಮೈಡ್ ಪಾನಕವು ನೂರಕ್ಕೂ ಹೆಚ್ಚು ಜನರನ್ನು ಬಲಿತೆಗೆದುಕೊಂಡಿದ್ದಿತು. ಔಷಧದ ಸುರಕ್ಷತೆಯನ್ನು ಮಾರಾಟಕ್ಕೆ ಮೊದಲೇ ಸಿದ್ಧಪಡಿಸಬೇಕೆಂಬ ಕಾನೂನು ಅಲ್ಲಿ ಮರುವರ್ಷ ಬಂದುದು ಆ ದುರಂತದಿಂದಲೇ. ಡೊಮಾಕರು ಹಳೆಯ ಕೀರ್ತಿಯ ಮೇಲೆ ಒರಗಿ ಕೂಡಲಿಲ್ಲ. ಪೆನಿಸಿಲಿನ್ನಿಗೆ ಮಣಿಯದ ಕ್ಷಯರೋಗಾಣುವಿನತ್ತ ತಿರುಗಿ, ಥಯೊಸೆಮಿಕಾರ್ಬಜೋನ್ ವರ್ಗದ ಔಷಧಗಳನ್ನು ಕಂಡುಹಿಡಿದರು. ಆ ಜಾಡಿನಲ್ಲಿಯೇ ಅವರ ಪ್ರಯೋಗಾಲಯವೂ ಅಮೆರಿಕದ ಎರಡು ಪ್ರಯೋಗಾಲಯಗಳೂ ಸರಿಸುಮಾರು ಒಂದೇ ಕಾಲಕ್ಕೆ ಐಸೊನಿಯಾಜಿಡ್‌ನ ಗುಣವನ್ನು ಕಂಡವು. 1952ರಿಂದ ಬಳಕೆಗೆ ಬಂದ ಅದು ಭಾರತದ ಕ್ಷಯಚಿಕಿತ್ಸೆಯಲ್ಲಿ ಇಂದಿಗೂ ಆಧಾರಸ್ತಂಭವಾಗಿದೆ. ಸಲ್ಫಾದ ದಾಯಾದಿಯಾದ ಡ್ಯಾಪ್ಸೋನ್ ನಮ್ಮ ನಾಡಿನ ಕುಷ್ಠರೋಗಿಗಳ ಬಾಳಿಗೆ ಬೆಳಕಾದುದೂ ಸ್ಮರಣೀಯ.

1964ನೆಯ ಇಸವಿ ಏಪ್ರಿಲ್ 24ರಂದು ಡೊಮಾಕರು ಇಹಲೋಕವನ್ನು ತ್ಯಜಿಸಿದರು. ವರ್ಷಗಟ್ಟಲೆ ಕೈಗೂಡದ ಕೆಲಸವನ್ನು ಬೇಸರವಿಲ್ಲದೆ ಮುಂದುವರಿಸಿದುದು, ಕೈಗೂಡಿದಾಗಲೂ ಪರೀಕ್ಷಿಸದೆ ಸಾರಿ ಹೇಳದಿದ್ದುದು, ಇವೆರಡೂ ಅವರ ಜೀವನದಿಂದ ವಿದ್ಯಾರ್ಥಿಗಳು ಕಲಿಯಬೇಕಾದ ಗುಣಗಳು. ಅವರು ಸಂಪಾದಿಸಿಕೊಟ್ಟ ಸಂಪತ್ತನ್ನು ಕಾಯುವ ಹೊಣೆ ಇಂದು ಜನಸಾಮಾನ್ಯರದೂ ಹೌದು. ವೈದ್ಯರು ಹೇಳದೆ ಇಂತಹ ಮದ್ದನ್ನು ನುಂಗುವುದು, ಹೇಳಿದ ಅವಧಿಗೆ ಮೊದಲೇ ಮನಬಂದಂತೆ ಬಿಟ್ಟುಬಿಡುವುದು, ನೆಗಡಿಯಂತಹ ವೈರಸ್ ಬೇನೆಗಳಿಗೂ ಅದನ್ನೇ ಬೇಡುವುದು, ಇವು ರೋಗಾಣುಗಳಿಗೆ ಬಲ ತುಂಬುವ ಕೆಲಸಗಳು. ಅಂಗಡಿಯಲ್ಲಿ ಸುಲಭವಾಗಿ ಸಿಕ್ಕುವ ಆ ಪುಟ್ಟ ಗುಳಿಗೆಯ ಹಿಂದೆ ಒಬ್ಬ ಯೋಧನ ಸಂಕಟವೂ ಒಬ್ಬ ತಂದೆಯ ಕಳವಳವೂ ಇವೆಯೆಂಬುದನ್ನು ನೆನೆದರೆ, ಅದನ್ನು ಹಗುರಾಗಿ ಬಳಸಲು ಯಾರ ಕೈಯೂ ಮುಂದಾಗಲಾರದು.